ಸೀಮೆಬದನೆ ಚಪ್ಪರದ ದೀಪ

ಆಗೆಲ್ಲ ಮಕ್ಕಳಿಗೆ ಯಾರೂ ಯಾವುದನ್ನೂ ಬಿಡಿಸಿ ಹೇಳುತ್ತಿರಲಿಲ್ಲ. ಹೊಟ್ಟೆ ತುಂಬ ಮುದ್ದೆ ಹಾಕುತ್ತಿದ್ದರು, ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದರು, ತಂಟೆ ಮಾಡಿದರೆ ಬೆನ್ನಿಗೆ ಎರಡು ಬಿಡುತ್ತಿದ್ದರು. ಆದರೆ ನಿನ್ನನ್ನು ಇಲ್ಲಿ ಯಾಕೆ ಬಿಟ್ಟು ಹೋಗುತ್ತಿದ್ದೇವೆ ಅಂತ ಮಾತ್ರ ಹೇಳುತ್ತಿರಲಿಲ್ಲ. ದೊಡ್ಡವರು ಮಾತಾಡುವಾಗ ನಾವು ಹತ್ತಿರ ಸುಳಿದರೆ ಸಾಕು, ‘ಓಗು, ಆಟ ಆಡ್ಕೋ ಓಗು’ ಅನ್ನುವುದು. ನೀವೂ ಆ ಕಾಲದವರಾಗಿದ್ದರೆ ಈ ಮಾತು ಕೇಳಿಕೊಂಡೇ ಬೆಳೆದಿರುತ್ತೀರಿ. ನಾನಂತೂ ಕೇಳೀ ಕೇಳೀ ಸಾಕಾಗಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ಕೆಜಿಎಫ್‌ನಲ್ಲಿ, ಮೈಸೂರು ಮೈನ್ಸ್ ಕಡೆಯ ಒಂದು ಲೈನಿನಲ್ಲಿ. ಅಪ್ಪನಿಗೆ ಮರದ ಯಾರ್ಡಿನಲ್ಲಿ ಕೆಲಸ. ಮನೆಗೆ ಮನೆ ಅಂಟಿಕೊಂಡ ಸಾಲು. ಒಬ್ಬರು ಒಗ್ಗರಣೆ ಹಾಕಿದರೆ ಹತ್ತು ಮನೆಯವರು ಸೀನುತ್ತಿದ್ದರು. ಅಕ್ಕಪಕ್ಕದವರು ತಮಿಳು, ಎದುರಿನವರು ತೆಲುಗು, ನಾವು ಕನ್ನಡ. ಜಗಳ ಮಾತ್ರ ಮೂರರಲ್ಲೂ ನಡೆಯುತ್ತಿತ್ತು. ಬೀದಿಯ ದೀಪ ಬೆಳಗಿನವರೆಗೆ ಉರಿಯುತ್ತಿತ್ತು. ಪಾಳಿಗೆ ಹೋಗುವವರ, ಪಾಳಿ ಮುಗಿಸಿ ಬರುವವರ ಬೂಟಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅಂಥ ಕಡೆ ಹುಟ್ಟಿದ ನನಗೆ ಒಂಬತ್ತು ವರ್ಷ ತುಂಬುವ ತನಕ ನಿಜವಾದ ಕತ್ತಲೆ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವಾಗ ಅಮ್ಮ ನನ್ನನ್ನು ಬೇತಮಂಗಲದ ಕೆರೆ ಕೆಳಗಿನ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಅಪ್ಪನ ಅಕ್ಕ ಮುನಿವೆಂಕಟಮ್ಮ ಇದ್ದಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆಂಚಿನ ಸಣ್ಣ ಮನೆ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಕಲ್ಲುಕಂಬದ ಚಪ್ಪರ. ಗುಜರಿಯಿಂದ ತಂದ ದಪ್ಪ ಉಕ್ಕಿನ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿ ಕಂಬದಿಂದ ಕಂಬಕ್ಕೆ ಬಿಗಿದಿದ್ದರು. ಆ ಚಪ್ಪರದ ಸೀಮೆಬದನೆಕಾಯಿಯಿಂದಲೇ ಅತ್ತೆಯ ಬದುಕು ನಡೆಯಬೇಕು. ಕಾಯಿ ಕೆಜಿಎಫ್ ಮಾರ್ಕೆಟ್ಟಿಗೆ ಹೋಗುತ್ತಿತ್ತು. ನಮ್ಮ ಲೈನಿನ ತಮಿಳು ಹೆಂಗಸರು ಅದನ್ನು ಚೌಚೌ ಅಂತ ಕರೆದು, ಕಡಲೆಬೇಳೆ ಹಾಕಿ ಕೂಟು ಮಾಡುತ್ತಿದ್ದರು.

ನಮ್ಮ ಕೋಲಾರದ ಬಿಸಿಲಿಗೆ ಸೀಮೆಬದನೆ ಬರುವುದೇ ದೊಡ್ಡದು ಬಿಡಿ. ಅದಕ್ಕೆ ತಂಪು ಬೇಕು, ಬುಡ ಸದಾ ತೇವವಾಗಿರಬೇಕು, ಹಾಗಂತ ನೀರು ನಿಲ್ಲಲೂ ಕೂಡದು. ಅತ್ತೆಯ ಹಿತ್ತಲಿಗೆ ಮಾತ್ರ ಕೆರೆಯ ತೇವ ನೆಲದೊಳಗಿಂದಲೇ ಬರುತ್ತಿತ್ತು. ಪಡುವಲಕ್ಕೆ ಒಂದು ಹುಣಸೆಮರ ಇತ್ತು. ಮಧ್ಯಾಹ್ನದ ಬಿಸಿಲನ್ನೆಲ್ಲ ಅದೇ ತಡೆಯುತ್ತಿತ್ತು. ಊರಲ್ಲಿ ಬೇರೆಯವರೂ ನೆಟ್ಟು ನೋಡಿದ್ದರಂತೆ, ಯಾರಿಗೂ ಹತ್ತಿರಲಿಲ್ಲ.

ನಾವು ಹೋದ ದಿನ ಅತ್ತೆ ಹೊಸ ಬಳ್ಳಿ ನೆಡುತ್ತಿದ್ದಳು. ಹಳೇ ಬಳ್ಳಿಗೆ ಬೇರುಗಂಟು ರೋಗ ಬಂದು ಅದನ್ನು ಕಿತ್ತು ಸುಟ್ಟು, ಗುಂಡಿಯನ್ನು ಬಿಸಿಲಿಗೆ ಬಿಟ್ಟು, ಕೊಳೆತ ಗೊಬ್ಬರ ತುಂಬಿ, ಸುತ್ತ ಚೆಂಡುಹೂವಿನ ಸಸಿ ಹಾಕಿದ್ದಳು. ಕೈಯಲ್ಲಿ ಒಂದು ಬಲಿತ ಕಾಯಿ. ಅದರ ಬಾಯಿಂದ ಬೆರಳುದ್ದ ಮೊಳಕೆ ಈಚೆಗೆ ಬಂದಿತ್ತು.

‘ಬೀಜ ಎಲ್ಲತ್ತೆ?’ ಅಂದೆ.

‘ಇದೇ ಬೀಜ.’

‘ಕಾಯಿನಾ?’

‘ಊಂ. ಇದ್ರ ಬೀಜ ಕಾಯಿ ಬಿಟ್ಟು ಈಚೆಗ್ ಬರಲ್ಲ. ಒಟ್ಟೇಲಿದ್ದಂಗೇ ಮೊಳಕೆ ಒಡೀತದೆ. ಬಿಡ್ಸಿ ನೆಟ್ರೆ ಸತ್ತೋಗ್ತದೆ.’ ಕಾಯಿಯನ್ನು ಓರೆಯಾಗಿ ಮಲಗಿಸಿ, ಮೊಳಕೆಯ ಕಡೆ ಮೇಲೆ ಕಾಣುವಂತೆ ಬಿಟ್ಟು ಮಣ್ಣು ಮುಚ್ಚಿದಳು.

ಅಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಬಸ್ಸಿನ ಹೊತ್ತಾಗುತ್ತಿತ್ತು. ಮೊಳಕೆಯ ಕಡೆ ನೋಡುತ್ತಲೇ ಹೇಳಿದಳು, ‘ಇದು ಕಾಯಿ ಬಿಡೋ ಒತ್ಗೆ ಬಂದ್ಬಿಡ್ತೀನಿ ಕಣೇ ಪಾರಿ. ಅತ್ತೆ ಮಾತು ಕೇಳ್ಕಂಡಿರು.’

‘ಎಲ್ಲಿಗೋಗ್ತೀಯಾ?’

‘ಕಾಮಸಮುದ್ರಕ್ಕೆ. ನಮ್ಮಮ್ಮನ ಮನೇಗೆ.’

‘ನಾನೂ ಬತ್ತೀನಿ.’

‘ಬ್ಯಾಡ. ಆಟ ಆಡ್ಕೋ ಓಗು.’

ಅಮ್ಮ ಬಸುರಿಯಾಗಿದ್ದಳು. ನನ್ನ ನಂತರ ಎರಡು ಸಲ ಬಸಿರು ನಿಂತೂ ಇಳಿದುಹೋಗಿತ್ತಂತೆ. ಈ ಸಲ ಅಲುಗಾಡದೆ ಮಲಗಿರಬೇಕು ಅಂತ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ನಾನು ಮೈಮೇಲೆ ಬೀಳುವ ಹುಡುಗಿ. ಅಮ್ಮ ಮಲಗಿದರೆ ಅವಳ ಹೊಟ್ಟೆಯೇ ನನ್ನ ದಿಂಬು. ಅದಕ್ಕೆ ನನ್ನನ್ನು ದೂರ ಇಟ್ಟರು. ಸುದ್ದಿ ಹೊರಗೆ ಹೋದರೆ ದೃಷ್ಟಿಯಾದೀತು ಅಂತ ನನಗೂ ಹೇಳಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ತಿಳಿದದ್ದು ಒಂದೇ: ಅಮ್ಮ ನನ್ನನ್ನು ಬಿಟ್ಟು ಹೋದಳು, ಈ ಬಳ್ಳಿ ಕಾಯಿ ಬಿಟ್ಟರೆ ಬರುತ್ತಾಳೆ.

ಆ ಮೊದಲ ಸಂಜೆಯ ಕತ್ತಲೆ! ಹೇಳಿದರೆ ನಗಬೇಡಿ. ಹೊಲ, ಕೆರೆ ಏರಿ, ಬಸ್ಸಿನ ರಸ್ತೆ ಎಲ್ಲ ಒಟ್ಟಿಗೆ ಮಾಯವಾದವು. ನಾನು ಹಿತ್ತಲಿಗೆ ಬಂದು ರಸ್ತೆ ಹುಡುಕಿದೆ. ರಾಗಿ ಹೊಲದ ಆಚೆಗೆ ಎಲ್ಲೋ ಇರಬೇಕು, ಕಾಣುತ್ತಿಲ್ಲ. ನನಗೇ ರಸ್ತೆ ಕಾಣದಿದ್ದರೆ ರಸ್ತೆಗೆ ಇಳಿದ ಅಮ್ಮನಿಗೆ ಈ ಮನೆ ಹೇಗೆ ಕಾಣಬೇಕು? ಸಾಯಂಕಾಲದ ಬಸ್ಸು ಕತ್ತಲಾದ ಮೇಲೇ ಬರುತ್ತಿತ್ತು. ನಾನು ಶುರು ಹಚ್ಚಿಕೊಂಡೆ ನೋಡಿ, ಅತ್ತೆ ಎಷ್ಟು ಸಮಾಧಾನ ಮಾಡಿದರೂ ಜಗ್ಗಲಿಲ್ಲ.

‘ಅಮ್ಮಂಗೆ ಮನೆ ಕಾಣಲ್ಲ, ದೀಪ ಆಚೆ ಆಕು, ದೀಪ ಆಚೆ ಆಕು!’

ಅತ್ತೆಯ ಮನೆಗೆ ಆಗ ತಾನೇ ಕರೆಂಟು ಬಂದಿತ್ತು. ಕರೆಂಟು ಅಂದರೆ ಒಂದೇ ಒಂದು ಬಲ್ಬು, ನಡುಮನೆಯಲ್ಲಿ. ಅದಕ್ಕೆ ಮುಂಚೆ ಅವಳು ಬದುಕಿನುದ್ದಕ್ಕೂ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವಳು. ಆ ಬಲ್ಬು ಬಂದ ಮೇಲೆ ಅಕ್ಕಿಯಲ್ಲಿ ಕಲ್ಲು ಕಾಣುತ್ತದೆ ಅಂತ ಊರಿಗೆಲ್ಲ ಹೇಳಿಕೊಂಡಿದ್ದಳಂತೆ. ಮೂರು ಸಂಜೆ ನನ್ನ ರಗಳೆ ಕೇಳಿ, ನಾಲ್ಕನೆಯ ದಿನ ಪಕ್ಕದ ಚೆಂಗಲರಾಯಪ್ಪನನ್ನು ಕರೆದಳು. ಅವನು ಪಂಪ್‌ಸೆಟ್ಟಿನ ವೈರು ಗೀರು ಅಂತ ಒಂದಿಷ್ಟು ಕೈಯಾಡಿಸಿದವನು, ಅವನ ದನದ ಕೊಟ್ಟಿಗೆ ನಮ್ಮ ಚಪ್ಪರಕ್ಕೆ ಅಂಟಿಕೊಂಡೇ ಇತ್ತು.

‘ಉಚ್ಚಾ ನಿಂಗೆ? ಇರೋದೊಂದು ದೀಪ, ಅದ್ನ ಚಪ್ಪರಕ್ಕೆ ಕಟ್ತೀಯಾ? ಒಳ್ಗೆ ಏನ್ ಮಾಡ್ತೀಯಾ?’

‘ಒಳ್ಗೆ ಯಾವ್ ಅರಮನೆ ಐತೆ ನೋಡಾಕೆ? ಕಟ್ಟಯ್ಯ ನೀನು,’ ಅಂದಳು ಅತ್ತೆ.

ವೈರು ಎಳೆದು, ರಸ್ತೆಯ ಕಡೆಯ ಕಲ್ಲುಕಂಬಕ್ಕೆ ಬಲ್ಬು ಕಟ್ಟಿದ. ‘ಏಮ್ಮಾಯಿ, ಈಗ ನಿಮ್ಮಮ್ಮ ಮದ್ರಾಸಿಂದ ನೋಡುದ್ರೂ ಕಾಣ್ತದೆ,’ ಅಂತ ನನ್ನ ಜಡೆ ಎಳೆದು ಹೋದ. ಆವತ್ತಿನಿಂದ ಮುಸ್ಸಂಜೆಗೆ ಹಚ್ಚಿದರೆ ಬೆಳಿಗ್ಗೆಯ ತನಕ ಅದು ಉರಿಯುತ್ತಿತ್ತು. ಅತ್ತೆ ಒಳಗೆ ಬುಡ್ಡಿ ಇಟ್ಟುಕೊಂಡು ಮುದ್ದೆ ತೊಳಸುತ್ತಿದ್ದಳು.

ಬಳ್ಳಿ ಬೆಳೆಯಿತು. ಅದನ್ನು ಬೆಳೆಸುವುದು ಕೂಸು ಸಾಕಿದ ಹಾಗೇ. ಬೇರು ಮೇಲೆ ಮೇಲೆಯೇ ಓಡಾಡುತ್ತದೆ, ಆದ್ದರಿಂದ ಬುಡದಲ್ಲಿ ಗುದ್ದಲಿ ಆಡಿಸಬಾರದು. ಕಳೆಯನ್ನು ಕೈಯಿಂದಲೇ ಕೀಳಬೇಕು. ರಾಗಿ ಹುಲ್ಲು ದಪ್ಪಗೆ ಹೊದಿಸಬೇಕು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಕೊಡಬೇಕು. ಬೇಸಿಗೆಯಲ್ಲಿ ಬಾವಿಯ ನೀರು ತಳಕ್ಕಿಳಿದು ಉಪ್ಪಾದಾಗ ಎಲೆಯ ಅಂಚು ಸುಟ್ಟಂತಾಗುತ್ತಿತ್ತು. ಆಗ ಅತ್ತೆ ಕೆರೆ ಕಾಲುವೆಗೆ ಹೋಗಿ ಸಿಹಿನೀರು ಹೊತ್ತು ತರುತ್ತಿದ್ದಳು. ಬಿಸಿಗಾಳಿ ಎದ್ದರೆ ಚಪ್ಪರದ ಬದಿಗೆ ಗೋಣಿಚೀಲ ತೂಗಿ ಅದಕ್ಕೆ ನೀರು ಎರಚುತ್ತಿದ್ದೆವು. ಒದ್ದೆ ಗೋಣಿಯ ವಾಸನೆ, ಚೆಂಡುಹೂವಿನ ಎಲೆಯ ಘಾಟು, ಹುಣಸೆಹಣ್ಣಿನ ಹುಳಿ ವಾಸನೆ ಎಲ್ಲ ಸೇರಿ ಹಿತ್ತಲಿಗೆ ಅದರದೇ ಒಂದು ವಾಸನೆ ಇತ್ತು. ಈಗಲೂ ಎಲ್ಲಾದರೂ ಒದ್ದೆ ಗೋಣಿಯ ವಾಸನೆ ಬಂದರೆ ನನಗೆ ಅಳು ಬರುತ್ತದೆ, ಯಾಕೆ ಅಂತ ಪಕ್ಕದಲ್ಲಿರುವವರಿಗೆ ಹೇಳಲಾಗುವುದಿಲ್ಲ.

ಹಳ್ಳಿಯ ಇಸ್ಕೂಲಿಗೆ ಸೇರಿಸಿದರು. ನನ್ನ ಮಾತಲ್ಲಿ ನಡುನಡುವೆ ತಮಿಳು ನುಗ್ಗುತ್ತಿತ್ತು. ‘ಮೈನ್ಸ್ ಉಡ್ಗಿ ಬಂತು, ಮೈನ್ಸ್ ಉಡ್ಗಿ ಬಂತು’ ಅಂತ ಹುಡುಗರು ಹಿಂದೆ ಬೀಳುತ್ತಿದ್ದರು. ಕುಂಟೆಬಿಲ್ಲೆಗೆ ಯಾರೂ ಸೇರಿಸಿಕೊಳ್ಳಲಿಲ್ಲ. ಹೋಗಲಿ ಅಂತ ನಾನೇ ಚಪ್ಪರದ ಕೆಳಗಿನ ಹಾಸುಗಲ್ಲಿನ ಮೇಲೆ ಇದ್ದಿಲಲ್ಲಿ ಚೌಕಾಬಾರದ ಮನೆ ಬರೆದುಕೊಂಡೆ. ಒಂದು ಕಡೆ ಹುಣಸೆಬೀಜ, ಇನ್ನೊಂದು ಕಡೆ ಬಳೆಚೂರು. ಹುಣಸೆಬೀಜ ನನ್ನದು, ಬಳೆಚೂರು ಅಮ್ಮನದು. ಕವಡೆಯನ್ನು ಎರಡೂ ಕಡೆಗೆ ನಾನೇ ಹಾಕುತ್ತಿದ್ದೆ. ಅಮ್ಮನ ಕಾಯಿಯನ್ನು ಕಡಿಯುವ ಗರ ಬಿದ್ದರೆ ನೋಡದ ಹಾಗೆ ಬೇರೆ ಕಾಯಿ ನಡೆಸುತ್ತಿದ್ದೆ. ಹಾಗಾಗಿ ಅಮ್ಮನೇ ಗೆಲ್ಲುತ್ತಿದ್ದಳು. ಅತ್ತೆ ನೀರಿನ ಕೊಡ ಹೊತ್ತು ಹೋಗುವಾಗ ಒಂದು ಸಲ ನಿಂತು ನೋಡಿ ಹೋದಳು.

ಅತ್ತೆಗೆ ಮುದ್ದು ಮಾಡಲು ಬರುತ್ತಿರಲಿಲ್ಲ. ತಲೆ ಬಾಚಿದರೆ ಕಣ್ಣಲ್ಲಿ ನೀರು ಬರುವಂತೆ ಎಳೆಯುತ್ತಿದ್ದಳು. ಮಾತು ಕಮ್ಮಿ, ಆಡಿದರೆ ಮೊನಚು. ಆದರೆ ಬಳ್ಳಿಯ ಕುಡಿ ಚಿವುಟಿ ಮಸ್ಸೊಪ್ಪು ಮಾಡಿದ ದಿನ ಬಟ್ಟಲಿನ ತಳದ ಬೇಳೆಯನ್ನೆಲ್ಲ ನನ್ನ ಮುದ್ದೆಯ ಗುಳಿಗೆ ಸುರಿಯುತ್ತಿದ್ದಳು. ‘ತಿನ್ನು, ಗಾಳಿ ಬಂದ್ರೆ ಆರೋಗಂಗಿದ್ದೀಯಾ,’ ಅನ್ನುತ್ತಿದ್ದಳು. ಸಂಜೆ ಬಸ್ಸಿನ ಹಾರನ್ನು ಕೇಳುವ ತನಕ ನಾನು ಚಪ್ಪರದ ಕೆಳಗೇ ಕೂರುತ್ತಿದ್ದೆ. ಬಸ್ಸು ನಿಂತರೆ ಎದ್ದು ನಿಲ್ಲುವುದು, ಮುಂದೆ ಹೋದರೆ ಊಟ. ಅತ್ತೆಯೂ ಏನಾದರೂ ನೆಪ ಮಾಡಿಕೊಂಡು, ಕಡಲೆಕಾಯಿ ಸುಲಿಯುತ್ತಲೋ ಹಗ್ಗ ಹೊಸೆಯುತ್ತಲೋ, ಅಲ್ಲೇ ಕೂತಿರುತ್ತಿದ್ದಳು.

ಅಪ್ಪ ಕೆಲವು ಭಾನುವಾರ ನಿಪ್ಪಟ್ಟಿನ ಪೊಟ್ಟಣ ಹಿಡಿದು ಬರುತ್ತಿದ್ದ. ‘ಅಮ್ಮ?’ ಅಂದರೆ ‘ಅವ್ಳೆ, ಚೆನ್ನಾಗವ್ಳೆ’ ಅನ್ನುತ್ತಿದ್ದ. ‘ಯಾವಾಗ್ ಬತ್ತಾಳೆ?’ ಅಂದರೆ ಚಪ್ಪರದ ಕಡೆ ನೋಡಿ, ‘ಎಲ್ಲಿ, ಇನ್ನೂ ಊವೇ ಇಲ್ವಲ್ಲ’ ಅನ್ನುತ್ತಿದ್ದ. ಪಾಪ, ಅವನಿಗೆ ಅದೊಂದು ಅನುಕೂಲವಾದ ಉತ್ತರ. ನನಗೆ ಮಾತ್ರ ಅದು ಕಾನೂನು.

ಗೌರಿ ಹಬ್ಬ ಬಂತು, ಹೋಯಿತು. ಹಗಲು ಚಿಕ್ಕದಾಗತೊಡಗಿದಾಗ ಸೀಮೆಬದನೆ ಹೂ ಬಿಡುತ್ತದೆ ಅಂತ ಅತ್ತೆ ಹೇಳಿದ್ದಳು. ಹಳೇ ಬಳ್ಳಿಯಲ್ಲಿ ಹಾಗೇ ಆಗುತ್ತಿತ್ತಂತೆ. ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಕತ್ತೆತ್ತಿ ಹುಡುಕುತ್ತಿದ್ದೆ. ಎಲೆಯೇನೋ ಅಂಗೈಗಿಂತ ಅಗಲ, ಎಣ್ಣೆ ಸವರಿದ ಹಾಗೆ ಮಿರಮಿರ. ಚಪ್ಪರದ ಮೇಲೆ ಆಕಾಶದ ಚೂರೂ ಕಾಣದಂತೆ ಹಬ್ಬಿತ್ತು. ಹೂವು ಮಾತ್ರ ಒಂದೂ ಇಲ್ಲ. ಪಿತೃಪಕ್ಷ ಬಂತು. ಇಲ್ಲ. ಅತ್ತೆ ಬೂದಿ ಎರಚಿದಳು, ಕುಡಿ ಚಿವುಟಿದಳು, ಗೊಬ್ಬರ ಹೆಚ್ಚಾಯಿತೇನೋ ಅಂತ ಹಾಕುವುದನ್ನು ನಿಲ್ಲಿಸಿದಳು. ಮಾರ್ಕೆಟ್ಟಿನ ವ್ಯಾಪಾರದ ಹೆಂಗಸು ಕಾಯಿಗೆ ಹೇಳಿ ಕಳಿಸಿದ್ದಕ್ಕೆ ‘ಇನ್ನೂ ಇಲ್ಲ ಅಂತೇಳು’ ಅಂದು ಕಳಿಸಿದಳು. ಅತ್ತೆಯ ಮುಖ ದಿನದಿನಕ್ಕೆ ಇಳಿಯುತ್ತಿತ್ತು.

ದಸರಾ ರಜೆಯ ಒಂದು ಮಧ್ಯಾಹ್ನ ನಾನು ಬಾವಿಯ ಹಿಂದೆ ಚೌಕಾಬಾರ ಆಡುತ್ತಿದ್ದೆ. ಚೆಂಗಲರಾಯಪ್ಪ ಕೊಟ್ಟಿಗೆಯ ಸೂರಿನ ಮೇಲಿಂದ ಕೂಗಿದ. ಹುಲ್ಲು ಹೊದಿಸಲು ಹತ್ತಿದ್ದ.

‘ಮುನೆಮ್ಮಾ, ಇಲ್ ಬಾ, ನೋಡು. ನಿನ್ ಬಳ್ಳಿ ನನ್ ಕೊಟ್ಟಿಗೆ ಮ್ಯಾಲೆ ಪಿಂದೆ ಬಿಟ್ಟೈತೆ!’

ಅತ್ತೆ ಓಡಿದಳು. ನಾನೂ ಎದ್ದು ಕೊಟ್ಟಿಗೆಯ ಗೋಡೆಯ ಮರೆಯಲ್ಲಿ ನಿಂತೆ. ಕೊಟ್ಟಿಗೆಯ ಆಚೆ ಇಳಿಜಾರಿಗೆ ಹಬ್ಬಿದ್ದ ಕುಡಿಗಳಲ್ಲಿ ಸಣ್ಣ ಸಣ್ಣ ಹಸಿರು ಹಳದಿ ಹೂವು, ಅದರ ಹಿಂದೆ ಕಡಲೆಕಾಳಿನಷ್ಟು ಹೀಚುಕಾಯಿ, ಜೇನುಹುಳ ಮುತ್ತಿಕೊಂಡಿವೆ.

‘ನನ್ ಮಾತು ಕೇಳ್ತೀಯಾ?’ ಅಂದ ಚೆಂಗಲರಾಯಪ್ಪ. ‘ದೀಪದ್ ಬೆಳಕು ಬೀಳೋ ಕಡೆ ಒಂದ್ ಊವಿಲ್ಲ. ಕೊಟ್ಟಿಗೆ ಮರೆಗೆ, ಕತ್ಲಲ್ಲಿರೋ ಕಡೆ ಊವೇ ಊವು. ಬಳ್ಳಿಗೆ ಹಗಲ್ಯಾವ್ದು ರಾತ್ರಿಯಾವ್ದು ಗೊತ್ತಾಗ್ಬ್ಯಾಡ್ವಾ? ಅದುಕ್ಕೂ ನಿದ್ದೆ ಬೇಕಲ್ಲಮ್ಮ. ಆ ಬಲ್ಬು ಬಿಚ್ಚಿಬಿಡ್ಲಾ?’

ಅತ್ತೆ ತಿರುಗಿ ಕಂಬದ ಬಲ್ಬು ನೋಡಿದಳು. ಆಮೇಲೆ, ‘ಬ್ಯಾಡ,’ ಅಂದಳು.

‘ಈ ವರ್ಷ ಏನ್ ತಿಂತೀಯಾ?’

‘ಕಳೆ ಕೀಳಾಕೆ ಓಗ್ತೀನಿ. ಆ ಮಗ ದಿನಾ ಅದ್ರ ಕೆಳ್ಗೆ ಕುಂತು ದಾರಿ ನೋಡ್ತದೆ ಚೆಂಗಲರಾಯಪ್ಪ. ಕಾಯಿ ಬರೋ ವರ್ಷಾನೂ ಬಿಡ್ತದೆ.’

ನನಗೆ ತಲೆ ಕೆಟ್ಟುಹೋಯಿತು. ದೀಪ ಆರಿಸಿದರೆ ಕಾಯಿ ಬಿಡುತ್ತದೆ. ಕಾಯಿ ಬಿಟ್ಟರೆ ಅಮ್ಮ ಬರುತ್ತಾಳೆ. ಆದರೆ ದೀಪ ಆರಿಸಿದರೆ ಬಂದ ಅಮ್ಮನಿಗೆ ಮನೆ ಸಿಗುವುದಿಲ್ಲ. ಇಷ್ಟು ದಿನ ನಾನೇ ಹಟ ಹಿಡಿದು ಹಾಕಿಸಿದ ದೀಪವೇ ಅಮ್ಮನನ್ನು ತಡೆದಿದೆಯಾ? ಯಾರನ್ನಾದರೂ ಕೇಳೋಣ ಅಂದರೆ ಯಾರನ್ನು ಕೇಳುವುದು? ಆ ಊರಲ್ಲಿ ನನ್ನ ಮಾತಿಗೆ ಕಿವಿಗೊಡುವವಳು ಅತ್ತೆ ಒಬ್ಬಳೇ. ಅವಳು ಆಗಲೇ ಬ್ಯಾಡ ಅಂದಾಗಿತ್ತು.

ಅವತ್ತು ಸಂಜೆ ಅತ್ತೆ ಎಂದಿನಂತೆ ದೀಪ ಹಚ್ಚಿ ಒಲೆಯ ಮುಂದೆ ಕೂತಳು. ನಾನು ಸ್ಟೂಲು ಹತ್ತಿ ಸ್ವಿಚ್ಚು ಆರಿಸಿ, ಹಿತ್ತಲಿಗೆ ಬಂದು ಕಂಬ ತಬ್ಬಿಕೊಂಡು ನಿಂತೆ. ಮೊದಲ ದಿನದ ಕತ್ತಲೆಯೇ ಅದು. ಎಲೆಗಳು ಪಟಪಟ ಅನ್ನುತ್ತಿದ್ದವು. ಮಲಗು, ಬೇಗ ಮಲಗು ಅಂತ ಬಳ್ಳಿಗೆ ಹೇಳಿದೆ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಎರಡು ದೀಪ ರಾಗಿ ಹೊಲದ ಆಚೆ ತೆವಳುತ್ತಾ ಬಂದವು. ಎಂದಿನಂತೆ ಮುಂದೆ ಹೋಗುತ್ತದೆ ಅಂದುಕೊಂಡೆ. ಬಸ್ಸು ನಿಂತಿತು.

ನಿಂತಿತು. ಯಾರೋ ಇಳಿದರು. ಬಸ್ಸು ಹೊರಟುಹೋಯಿತು.

‘ಅತ್ತೇ! ದೀಪ! ದೀಪ ಆಕು! ಅಮ್ಮ ಇಳುದ್ಲು, ಕಾಣ್ದೆ ವಾಪಸ್ ಓಗ್ತಾಳೆ, ದೀಪ ಆಕು!’

ಅತ್ತೆ ಮುದ್ದೆಯ ಕೋಲನ್ನು ಕೈಯಲ್ಲಿ ಹಿಡಿದೇ ಬಂದಳು. ಕತ್ತಲೆ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ದೀಪ ಹಾಕಿದಳು. ಆಮೇಲೆ ನನ್ನ ಕೈ ಹಿಡಿದು ಹೊಲದ ಬದುವಿನ ಮೇಲೆ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ. ‘ನಿಂಗಮ್ಮಾ, ಲೇ ನಿಂಗಮ್ಮಾ’ ಅಂತ ಅಮ್ಮನ ಹೆಸರು ಹಿಡಿದು ಕೂಗುತ್ತಾ ಓಡಿದಳು. ಅಮ್ಮ ಬರುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತಲ್ಲ. ತಿಂಗಳು ತುಂಬುತ್ತಿದ್ದ ಬಸುರಿ ಎಲ್ಲಿಂದ ಬರಬೇಕು? ಆದರೂ ಓಡಿದಳು. ರಸ್ತೆಯಲ್ಲಿ ಯಾರೋ ಗಂಡಸು ಹಿಂಡಿ ಮೂಟೆ ಹೊತ್ತುಕೊಂಡು ಆಚೆ ಊರಿನ ಕಡೆ ನಡೆದು ಹೋಗುತ್ತಿದ್ದ. ಬೇರೆ ಯಾರೂ ಇರಲಿಲ್ಲ.

ವಾಪಸ್ಸು ಬರುವಾಗ ನಾನು ಬಿಕ್ಕುತ್ತಿದ್ದೆ. ‘ನಾನೇ ಆರಿಸ್ದೆ ಅತ್ತೆ, ಕಾಯಿ ಬಿಡ್ಲಿ ಅಂತ.’

‘ಗೊತ್ತು ಬಿಡು.’

‘ಕಾಯಿ ಬಿಟ್ರೆ ತಾನೇ ಅಮ್ಮ ಬರೋದು?’

ಅತ್ತೆ ನಿಂತಳು. ಸೆರಗಿನಿಂದ ನನ್ನ ಮೂಗು ಒರೆಸಿದಳು, ಅದೂ ಒರಟಾಗಿಯೇ. ‘ಕಾಯಿಗೂ ನಿಮ್ಮಮ್ಮನ್ಗೂ ಏನ್ ಬಂತು ಉಚ್ಚುಡ್ಗಿ? ಬರೋವ್ರು ದೀಪ ನೋಡ್ಕಂಡು ಬತ್ತಾರೆ. ಅಲ್ನೋಡು, ಎಂಗ್ ಕಾಣ್ತದೆ.’

ನೋಡಿದೆ. ಹೊಲದ ತುದಿಯಲ್ಲಿ ಎಲೆಯ ಸಂದಿಯಿಂದ ಬೆಳಕು ಹಸಿರಾಗಿ ಸೋರುತ್ತಿತ್ತು. ಉಳಿದ ಇಡೀ ಊರು ಕಪ್ಪಗಿತ್ತು. ಮನೆ ತಲುಪುವ ತನಕ ಅತ್ತೆ ನನ್ನ ಕೈ ಬಿಡಲಿಲ್ಲ. ಮುದ್ದೆ ತಳ ಹಿಡಿದಿತ್ತು, ಅದನ್ನೇ ಉಂಡೆವು. ಮಾರನೆಯ ದಿನದಿಂದ ಅತ್ತೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗತೊಡಗಿದಳು. ಸಂಜೆ ಬಸ್ಸಿನ ಹೊತ್ತಿಗೆ ಮಾತ್ರ ತಪ್ಪದೆ ಚಪ್ಪರದ ಕೆಳಗೆ ಇರುತ್ತಿದ್ದಳು.

ಅಮ್ಮ ಬಂದದ್ದು ದೀಪಾವಳಿ ಕಳೆದ ಮೇಲೆ, ಮಟಮಟ ಮಧ್ಯಾಹ್ನ. ಯಾವ ದೀಪವೂ ಬೇಕಾಗಿರಲಿಲ್ಲ. ಅಪ್ಪ ಮುಂದೆ ಚೀಲ ಹಿಡಿದು, ಅಮ್ಮ ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡು. ನಾನು ಬದುವಿನ ಮೇಲೆ ಬಿದ್ದೆನೋ ಎದ್ದೆನೋ ಅಂತ ಓಡಿದೆ. ಇನ್ನೇನು ತಬ್ಬಿಕೊಳ್ಳಬೇಕು, ಅಪ್ಪ ಅಡ್ಡ ಕೈ ಹಾಕಿದ. ‘ಉಷಾರು, ಉಷಾರು!’ ಅಮ್ಮನ ಎದೆಯ ಮೇಲೆ ಬಟ್ಟೆಯ ಗಂಟಿನಲ್ಲಿ ಕೆಂಪಗೆ ಒಂದು ಮುಖ ಇತ್ತು.

‘ನೋಡೇ ಪಾರಿ, ನಿನ್ ತಮ್ಮ,’ ಅಂದಳು ಅಮ್ಮ. ಅವಳ ಎರಡೂ ಕೈ ತುಂಬಿದ್ದವು. ನನಗೆ ಹಿಡಿಯಲು ಅವಳ ಸೆರಗಿನ ತುದಿ ಸಿಕ್ಕಿತು.

ಆವತ್ತೇ ಇಳಿಹೊತ್ತಿನ ಬಸ್ಸಿಗೆ ಹೊರಟೆವು. ಅತ್ತೆ ಕೂಸಿಗೆ ದೃಷ್ಟಿ ತೆಗೆದಳು. ಕೊಟ್ಟಿಗೆಯ ಮೇಲಿನ ನಾಲ್ಕು ಕಾಯಿ ಕಿತ್ತು ಅಮ್ಮನ ಚೀಲಕ್ಕೆ ಹಾಕಿದಳು. ‘ಇಷ್ಟೇನಾ ಅಕ್ಕಯ್ಯ? ಈ ಪಾಟಿ ಹಬ್ಬೈತೆ ಬಳ್ಳಿ!’ ಅಂದಳು ಅಮ್ಮ. ‘ಊಂ, ಈ ವರ್ಷ ಯಾಕೋ ಸರ್ಯಾಗ್ ಬರ್ಲಿಲ್ಲ,’ ಅಂದಳು ಅತ್ತೆ, ಅಷ್ಟೇ. ನನ್ನ ಬಟ್ಟೆಯ ಗಂಟು ಕಟ್ಟಿ ಕೊಟ್ಟಳು. ತಲೆ ಸವರಲಿಲ್ಲ, ಅಳಲಿಲ್ಲ. ‘ನೀರ್ ಆಕ್ಬೇಕು’ ಅಂತ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದಳು. ನಾನೂ ಅಮ್ಮ ಬಂದ ಗುಂಗಿನಲ್ಲಿ ತಿರುಗಿ ನೋಡಲಿಲ್ಲ. ಒಂಬತ್ತು ವರ್ಷದ ಹುಡುಗಿ, ಅಮ್ಮ ಸಿಕ್ಕಿದ್ದಾಳೆ, ಯಾಕೆ ತಿರುಗಿ ನೋಡುತ್ತಾಳೆ?

ಸಂಕ್ರಾಂತಿಯ ಮುಂಚೆ ಅಪ್ಪ ಅಕ್ಕನನ್ನು ನೋಡಿ ಬರಲು ಹೋದವನು ಬಸ್ಸಿನ ಮೇಲೆ ಒಂದು ದೊಡ್ಡ ಮೂಟೆ ಹಾಕಿಕೊಂಡು ಬಂದ. ಬಿಚ್ಚಿದರೆ ಸೀಮೆಬದನೆಕಾಯಿ! ಎಳೆಯವು, ಮುಟ್ಟಿದರೆ ಉಗುರು ಇಳಿಯುವಂಥವು. ಅಮ್ಮ ಲೈನಿನ ಮನೆಮನೆಗೂ ಹಂಚಿದಳು. ‘ನಮ್ಮತ್ತಿಗೆ ಕೈ ಬಂಗಾರ, ಚಪ್ಪರ ಜಗ್ಗೋಗಂಗೆ ಬಿಟ್ಟೈತಂತೆ,’ ಅಂತ ಹೇಳಿಕೊಂಡು ಬಂದಳು. ಸಂಜೆ ಸಾಲು ಮನೆಯಲ್ಲೆಲ್ಲ ಕೂಟಿನ ತೆಂಗಿನಕಾಯಿ ಜೀರಿಗೆಯ ವಾಸನೆ. ನಾನು ಸಿಪ್ಪೆ ತೆಗೆಯಲು ಕೂತಿದ್ದೆ; ಅದರ ಅಂಟು ಹಾಲು ಬೆರಳಿಗೆ ಹತ್ತಿ ಚರ್ಮ ಬಿಗಿಯುತ್ತಿತ್ತು. ಇದ್ದಕ್ಕಿದ್ದಂತೆ ನನಗೆ ಹೊಳೆಯಿತು. ಕಾಯಿ ಬಿಟ್ಟಿದೆ ಅಂದರೆ ಹಿತ್ತಲಲ್ಲಿ ಈಗ ದೀಪ ಉರಿಯುತ್ತಿಲ್ಲ. ಅತ್ತೆ ಕತ್ತಲಲ್ಲಿದ್ದಾಳೆ. ಅಳತೊಡಗಿದೆ. ಅಮ್ಮ ಹೊಟ್ಟೆನೋವು ಅಂದುಕೊಂಡು ಓಮದ ನೀರು ಕುಡಿಸಿದಳು. ಆ ರಾತ್ರಿ ನಾನು ಕೂಟು ತಿನ್ನಲಿಲ್ಲ.

ಹೇಳಬೇಕೆಂದರೆ ಆಮೇಲೆ ನಾನು ಆ ಊರಿಗೆ ಹೋದದ್ದೇ ಕಮ್ಮಿ. ಹಬ್ಬ ಹುಣ್ಣಿಮೆಗೆ ಎಲ್ಲರ ಜೊತೆ ಹೋಗಿ ಎಲ್ಲರ ಜೊತೆ ಬರುವುದು. ಕಾಲೇಜಿಗೆ ಸೇರಿದ ಮೇಲೆ ಒಂದು ದಿನ ಒಬ್ಬಳೇ ಹೋದೆ, ಬೆಳಿಗ್ಗೆಯ ಬಸ್ಸಿಗೆ. ಅತ್ತೆಗೆ ಕಣ್ಣು ಮಂಜಾಗಿತ್ತು. ನಡುಮನೆಯಲ್ಲಿ ಬಲ್ಬಿನ ಕೆಳಗೆ ಕೂತು ಮಾತಾಡುತ್ತಾ ಹಳೆಯದನ್ನೆಲ್ಲ ತೆಗೆದೆ.

‘ನಾನ್ ಓದ ದಿನಾನೇ ದೀಪ ಒಳಗ್ ಆಕ್ಕಂಡ್ರಾ ಅತ್ತೆ?’

‘ಎಲ್ಲಿ? ನೀನ್ ಓದ್ಮೇಲೂ ಒಂದಷ್ಟು ದಿನ ಅಲ್ಲೇ ಉರಿಸ್ತಿದ್ದೆ.’

‘ಯಾಕೆ? ಅಮ್ಮ ಬಂದಾಗಿತ್ತಲ್ಲ.’

ಅತ್ತೆ ನಕ್ಕಳು. ಅವಳಿಗೆ ನಾಚಿಕೆಯಾಗಿತ್ತು. ‘ನಿಮ್ಮಮ್ಮನ್ ಕೈಲಿ ಕೂಸಿತ್ತಲ್ಲ. ಎರಡೆರಡು ಮಕ್ಳ ನೋಡ್ಕಳಾಕೆ ಆಗ್ದೆ ನಿನ್ನ ತಿರ್ಗಾ ಕಳ್ಸಿದ್ರೂ ಕಳ್ಸಾರು ಅನ್ಕಂಡಿದ್ದೆ. ಕತ್ಲಾದ್ರೆ ನಿಂಗೆ ಬಯ. ಅದ್ಕೇ ಸಾಯಂಕಾಲದ ಬಸ್ಸು ಓಗೋಗಂಟ ಅಲ್ಲೇ ಕುಂತಿರ್ತಿದ್ದೆ.’

‘ಆಮೇಲೆ?’

‘ಆಮೇಲೇನು. ಆರಿಸ್ದೆ. ಕಾಯಿ ಬಿಡ್ತು.’

ಅತ್ತೆ ಹೋಗಿ ಬಹಳ ಕಾಲವಾಯಿತು. ಆ ಹಿತ್ತಲಲ್ಲಿ ಈಗ ಟೊಮ್ಯಾಟೊ ಕ್ರೇಟು ಜೋಡಿಸುವ ಶೆಡ್ಡಿದೆ. ಕೆರೆಯ ತೇವ ಆ ಕಡೆ ಬರುವುದೇ ಇಲ್ಲ, ಹುಣಸೆಮರವನ್ನು ಯಾರು ಕಡಿದರೋ. ಮೈನ್ಸ್ ನಿಂತು ನಮ್ಮ ಲೈನಿನವರೆಲ್ಲ ಚೆಲ್ಲಾಪಿಲ್ಲಿಯಾದರು. ಅಮ್ಮನೂ ಇಲ್ಲ. ತಮ್ಮ ಎಲ್ಲೋ ಇದ್ದಾನೆ, ಚೆನ್ನಾಗಿದ್ದಾನೆ. ನಾನು ಬಂಗಾರಪೇಟೆಯಲ್ಲಿ ಒಬ್ಬಳೇ ಇದ್ದೇನೆ. ಸಂತೆಯಲ್ಲಿ ಯಾವುದೋ ದೂರದ ಊರಿನ ಸೀಮೆಬದನೆಕಾಯಿ ವರ್ಷಪೂರ್ತಿ ಸಿಗುತ್ತದೆ. ಒಂದೇ ಒಂದು ಕೊಂಡರೆ ನನಗೆ ಎರಡು ಹೊತ್ತಿಗೆ ಸಾಕು. ಅಮ್ಮನಿಗಾಗಿ ನಾನು ಕಾದದ್ದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಕೇಳಿದವರು ಅಯ್ಯೋ ಪಾಪ ಅಂದಿದ್ದಾರೆ. ನಾನು ಹೋದ ಮೇಲೂ ಅತ್ತೆ ಆ ಕಂಬದ ಕೆಳಗೆ ಕೂತಿದ್ದಳಲ್ಲ, ಅದನ್ನು ನೆನೆದರೆ ಈಗಲೂ ತಡೆಯಲಾಗುವುದಿಲ್ಲ. ಆ ದಿನಗಳಲ್ಲಿ ಒಂದೇ ಒಂದು ಸಲ, ಸಾಯಂಕಾಲದ ಬಸ್ಸಿನಿಂದ ನಾನು ಇಳಿದಿದ್ದರೆ ಸಾಕಿತ್ತು.